ತಟ್ಟೆಯಲ್ಲಿ ಮಾಂಸದ ಜಾಗಕ್ಕೆ ಬಂದದ್ದೇನು?



ಪ್ರಥಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಮೊದಲು ‘ಜೀರ್ಣಕ್ರಿಯೆ ಮತ್ತು ಹೀರಿಕೆ’ ಎಂಬ ಅಧ್ಯಾಯವಿತ್ತು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಿದಾಗ ಅದನ್ನು ಕೈಬಿಟ್ಟಿತು. ಈಗ ವಿಜ್ಞಾನ ವಿಭಾಗದವರಿಗೂ ಹೊಟ್ಟೆಯ ಪಾಠ ಹತ್ತನೇ ತರಗತಿಗೇ ಮುಗಿದಂತೆ. ಕಲಾ ಮತ್ತು ವಾಣಿಜ್ಯ ವಿಭಾಗದವರಿಗಂತೂ ಸಣ್ಣಕರುಳು, ದೊಡ್ಡಕರುಳು ಎಂಬ ಹೆಸರು ಬಿಟ್ಟರೆ ಹೆಚ್ಚೇನೂ ನೆನಪಿರುವುದಿಲ್ಲ. ಆದರೆ ಪಾಠ ಹೋದರೂ ಪ್ರಶ್ನೆಗಳು ಹೋಗಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಬಂದವರು ಕೇಳುತ್ತಾರೆ: “ಮಾಂಸ ಬಿಟ್ಟು ಕಾಳು, ಸೋಯಾ ತಿಂದರೆ ಹೊಟ್ಟೆಗೆ ಒಳ್ಳೆಯದಂತೆ, ಹೌದಾ?” ಮತ್ತೊಂದು ವಿಡಿಯೊ ನೋಡಿದವರು ಇದಕ್ಕೆ ಪೂರ್ತಿ ಉಲ್ಟಾ ಹೇಳುತ್ತಾರೆ.

ಉತ್ತರ ಹೌದೂ ಆಗಬಹುದು, ಅಲ್ಲವೂ ಆಗಬಹುದು. ತಟ್ಟೆಯಿಂದ ಮಾಂಸ ಹೋದ ಮೇಲೆ ಆ ಜಾಗಕ್ಕೆ ಏನು ಬಂತು ಎನ್ನುವುದರ ಮೇಲೆ ಅದು ನಿಂತಿದೆ. ಈ ಲೇಖನದಲ್ಲಿ ಹೇಳಲು ಹೊರಟಿರುವುದು ಅಷ್ಟೇ. ಆದರೆ ಅದು ಹೇಗೆ ಎಂದು ನೋಡಲು ಕರುಳಿನೊಳಗೆ ಸ್ವಲ್ಪ ದೂರ ಹೋಗಬೇಕು.

ಮೊದಲೇ ಒಂದು ಮಾತು. ಇದು ಹಲಾಲ್–ಹರಾಮಿನ ಚರ್ಚೆಯಲ್ಲ. ಸಸ್ಯಾಹಾರ ದೊಡ್ಡದೋ ಮಾಂಸಾಹಾರ ದೊಡ್ಡದೋ ಎಂಬ ಜಗಳವೂ ಅಲ್ಲ. ನಮ್ಮ ತರಗತಿಯ ಒಂದೇ ಬೆಂಚಿನಲ್ಲಿ ಒಬ್ಬರ ಬುತ್ತಿಯಲ್ಲಿ ಕೋಳಿ ಸಾರು, ಪಕ್ಕದವರ ಬುತ್ತಿಯಲ್ಲಿ ತಂಬುಳಿ ಇರುತ್ತದೆ. ಎರಡೂ ಇಳಿಯುವುದು ಒಂದೇ ಬಗೆಯ ಕರುಳಿಗೆ.

ಬದಲಾವಣೆ ಆಗಲೇ ಆಗಿದೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮುಸ್ಲಿಂ ಮನೆಗಳಲ್ಲಿ ಮಾಂಸದ ಲೆಕ್ಕ ಕಳೆದ ಕೆಲವು ವರ್ಷಗಳಲ್ಲಿ ಬದಲಾಗಿರುವುದು ನಿಮಗೆ ಗೊತ್ತೇ ಇದೆ. 2021ರ ಜನವರಿಯಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಗೆ ಬಂತು. ಕುರಿ ಮಾಂಸ ತೋಟದ ಕೂಲಿಗೆ ಹೋಗುವವರ ಕೈಗೆಟುಕುವ ಬೆಲೆಯಲ್ಲಿಲ್ಲ. ಹೆಚ್ಚಿನ ಮನೆಗಳಲ್ಲಿ ಆ ಜಾಗಕ್ಕೆ ಬಂದದ್ದು ಫಾರಂ ಕೋಳಿ. ಕೋಳಿಯೂ ಇಲ್ಲದ ದಿನ ಅನ್ನ, ತೆಳ್ಳನೆ ಸಾರು, ಉಪ್ಪಿನಕಾಯಿ. ಮಳೆಗಾಲದಲ್ಲಿ ಒಂದು ತುಂಡು ಒಣಮೀನು. ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಕಾಯುವಾಗ ಬೇಕರಿಯ ಪಫ್ಸ್ ಅಥವಾ ಗೋಬಿ ಮಂಚೂರಿ. ಅಂದರೆ ಮಾಂಸ ಕಡಿಮೆಯಾಗಿದೆ, ಆದರೆ ಅದಕ್ಕೆ ಬದಲಾಗಿ ಸಸ್ಯದ ಪ್ರೋಟೀನ್ ಬಂದಿದೆ ಎನ್ನುವಂತಿಲ್ಲ. ಬಂದಿರುವುದು ಪಾಲಿಶ್ ಮಾಡಿದ ಅಕ್ಕಿ, ಮೈದಾ ಮತ್ತು ಎಣ್ಣೆ.

ಮಾಂಸ ತಿನ್ನದ ಮನೆಗಳಲ್ಲೂ ಹೀಗೆಯೇ ಒಂದು ನಷ್ಟವಾಗಿದೆ. ಗದ್ದೆಗೆ ಟಿಲ್ಲರ್ ಬರುವ ಮೊದಲು ಉಳುವ ಎತ್ತಿಗೆಂದು ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ಬೆಂದ ನೀರನ್ನು ಬಸಿದು ಕುದಿಸಿ ಗಟ್ಟಿ ಮಾಡಿದರೆ ಅದೇ ಹುರುಳಿ ಕಟ್ಟು. ಅದರ ಸಾರಿನ ರುಚಿ ಗೊತ್ತಿಲ್ಲದವರು ಮಲೆನಾಡಿನಲ್ಲಿ ಕಡಿಮೆ. ಆದರೆ ಒಂದು ತಮಾಷೆ ಗಮನಿಸಿ: ಕಟ್ಟು ಮನುಷ್ಯರಿಗೆ, ಕಾಳು ಎತ್ತಿಗೆ. ಪ್ರೋಟೀನಿನ ಹೆಚ್ಚಿನ ಪಾಲೂ ನಾರೂ ಇರುವುದು ಕಾಳಿನಲ್ಲಿ. ಎತ್ತು ನಮಗಿಂತ ಚೆನ್ನಾಗಿ ಊಟ ಮಾಡುತ್ತಿತ್ತು ಎನ್ನಲು ಅಡ್ಡಿಯಿಲ್ಲ. ಈಗ ಎತ್ತೂ ಇಲ್ಲ, ಹಂಡೆಯೂ ಇಲ್ಲ.

ದೊಡ್ಡಕರುಳಿನಲ್ಲಿ ನಡೆಯುವುದೇನು

ನಾವು ತಿಂದ ಪ್ರೋಟೀನ್ ಮೊದಲು ಜಠರದಲ್ಲಿ ಆಮ್ಲಕ್ಕೂ ಪೆಪ್ಸಿನ್ ಎಂಬ ಕಿಣ್ವಕ್ಕೂ ಸಿಕ್ಕಿ ತುಂಡಾಗುತ್ತದೆ. ಸಣ್ಣಕರುಳಿನಲ್ಲಿ ಮೇದೋಜೀರಕ ಗ್ರಂಥಿಯಿಂದ ಬಂದ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಮುಂತಾದವು ಅದನ್ನು ಇನ್ನೂ ಸಣ್ಣದಾಗಿ ಕತ್ತರಿಸುತ್ತವೆ. ಕೊನೆಗೆ ಅಮೈನೋ ಆಮ್ಲಗಳಾಗಿ ಅದು ರಕ್ತ ಸೇರುತ್ತದೆ. ಮಾಂಸ, ಮೊಟ್ಟೆ, ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 95 ಭಾಗ ಇಷ್ಟರಲ್ಲೇ ಜೀರ್ಣವಾಗಿ ಹೋಗುತ್ತದೆ. ಬೇಯಿಸಿದ ಕಾಳುಗಳಲ್ಲಿ ಇದು 80ರ ಆಸುಪಾಸು. ಇಷ್ಟನ್ನೇ ನೋಡಿದರೆ ಮಾಂಸ ಗೆದ್ದಂತೆ ಕಾಣುತ್ತದೆ. ಆದರೆ ಕರುಳು ಇಲ್ಲಿಗೆ ಮುಗಿಯುವುದಿಲ್ಲ.

ಆರು ಮೀಟರಿನಷ್ಟು ಸಣ್ಣಕರುಳು ದಾಟಿದ ಮೇಲೆ ಸುಮಾರು ಒಂದೂವರೆ ಮೀಟರಿನ ದೊಡ್ಡಕರುಳು ಸಿಗುತ್ತದೆ. ನೀರು ಹೀರಿಕೊಳ್ಳುವ ಕೊಳವೆ ಎಂದಷ್ಟೇ ನೀವು ಓದಿರುತ್ತೀರಿ. ನಿಜವಾಗಿ ಅದೊಂದು ಹುದುಗಿನ ತೊಟ್ಟಿ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದರು. ಅವುಗಳಲ್ಲಿ ಬಹುಪಾಲು ಇರುವುದು ಈ ಒಂದೂವರೆ ಮೀಟರಿನಲ್ಲೇ. (ನಮ್ಮ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಹೆಚ್ಚು ಎಂದು ಕೆಲವು ಪುಸ್ತಕಗಳಲ್ಲಿ ಇನ್ನೂ ಇದೆ. ಆ ಲೆಕ್ಕ ಹಳೆಯದು. ಎರಡೂ ಹೆಚ್ಚುಕಡಿಮೆ ಸಮವಾಗಿವೆ.)

ಈ ಬ್ಯಾಕ್ಟೀರಿಯಾಗಳ ಊಟ ನಾವು ಜೀರ್ಣಿಸಿಕೊಳ್ಳದೆ ಬಿಟ್ಟದ್ದು. ಮುಖ್ಯವಾಗಿ ನಾರು. ಕಾಳಿನ ಸಿಪ್ಪೆ, ಸೊಪ್ಪು, ತರಕಾರಿ, ಹಣ್ಣಿನ ನಾರನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ, ಅವುಗಳಲ್ಲಿದೆ. ನಾರು ಹುದುಗಿದಾಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ಹೆಸರನ್ನು ನೆನಪಿಟ್ಟುಕೊಳ್ಳಿ. ದೊಡ್ಡಕರುಳಿನ ಒಳಗೋಡೆಯ ಜೀವಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ಮೂರನೇ ಎರಡು ಭಾಗದಷ್ಟನ್ನು ಇದರಿಂದಲೇ ಪಡೆಯುತ್ತವೆ. ಅದು ಸಿಕ್ಕರೆ ಗೋಡೆ ಗಟ್ಟಿಯಾಗಿರುತ್ತದೆ, ಉರಿಯೂತ ಕಡಿಮೆಯಿರುತ್ತದೆ.

ನಾರು ಸಿಗದಿದ್ದರೆ? ಬ್ಯಾಕ್ಟೀರಿಯಾ ಉಪವಾಸ ಕೂರುವುದಿಲ್ಲ. ಸಣ್ಣಕರುಳಿನಿಂದ ತಪ್ಪಿಸಿಕೊಂಡು ಬಂದ ಪ್ರೋಟೀನನ್ನೇ ಹುದುಗಿಸಲು ತೊಡಗುತ್ತವೆ. ಆಗ ಹುಟ್ಟುವುದು ಅಮೋನಿಯ, ಹೈಡ್ರೋಜನ್ ಸಲ್ಫೈಡ್, ಪ್ಯಾರಾಕ್ರೆಸಾಲ್‌ನಂಥವು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು ಎಂದು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಗೊತ್ತಾಗಿರಬಹುದು. ಕರುಳಿನ ಗೋಡೆಗೆ ಇವು ಹೆಚ್ಚಾದರೆ ಒಳ್ಳೆಯದಲ್ಲ.

ಇದು ನಡೆಯುವ ಜಾಗವೂ ಮುಖ್ಯ. ದೊಡ್ಡಕರುಳಿನ ಆರಂಭದ ಬಲಭಾಗದಲ್ಲಿ ನಾರಿನ ಹುದುಗುವಿಕೆ ಜೋರಾಗಿರುತ್ತದೆ. ಎಡಭಾಗಕ್ಕೆ ಬರುವಷ್ಟರಲ್ಲಿ ನಾರು ಖಾಲಿಯಾಗಿ ಪ್ರೋಟೀನಿನ ಸರದಿ ಬರುತ್ತದೆ. ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳುವುದು ಎಡಭಾಗ ಮತ್ತು ಗುದನಾಳದಲ್ಲಿ. ಊಟದಲ್ಲಿ ನಾರು ಸಾಕಷ್ಟಿದ್ದರೆ ಅದು ಕೊನೆಯವರೆಗೂ ಉಳಿದು, ಎಡಭಾಗದ ಬ್ಯಾಕ್ಟೀರಿಯಾಗಳಿಗೂ ಸಿಗುತ್ತದೆ. ಕಾಳಿನ ಪ್ರೋಟೀನ್ ಮಾಂಸದ್ದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ದೊಡ್ಡಕರುಳಿಗೆ ಬಂದರೂ ತನ್ನ ಜೊತೆಗೇ ನಾರನ್ನು ಕರೆದುಕೊಂಡು ಬರುತ್ತದೆ. ಮಾಂಸದಲ್ಲಿ ನಾರು ಸೊನ್ನೆ.

ಪ್ರಯೋಗಗಳನ್ನು ಓದುವ ಬಗೆ

2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲಾರೆನ್ಸ್ ಡೇವಿಡ್ ಮತ್ತು ಪೀಟರ್ ಟರ್ನ್‌ಬಾ ಅವರ ತಂಡ ಪ್ರಕಟಿಸಿದ ಅಧ್ಯಯನ ಬಹಳ ಹೆಸರಾಯಿತು. ಹತ್ತರಷ್ಟು ಸ್ವಯಂಸೇವಕರು ಐದು ದಿನ ಬರೀ ಮಾಂಸ, ಮೊಟ್ಟೆ, ಚೀಸ್ ತಿಂದರು. ಇನ್ನೊಂದು ಸರದಿಯಲ್ಲಿ ಐದು ದಿನ ಧಾನ್ಯ, ಕಾಳು, ತರಕಾರಿ, ಹಣ್ಣು. ಪ್ರಾಣಿಜನ್ಯ ಆಹಾರ ಕರುಳು ಮುಟ್ಟಿದ ಒಂದೇ ದಿನದಲ್ಲಿ ಬ್ಯಾಕ್ಟೀರಿಯಾಗಳ ಸಮುದಾಯ ಬದಲಾಗತೊಡಗಿತು. ಪಿತ್ತರಸವನ್ನು ತಾಳಿಕೊಳ್ಳುವ ಬೈಲೋಫಿಲಾದಂಥವು ಹೆಚ್ಚಾದವು, ಸಸ್ಯದ ನಾರು ಒಡೆಯುವಂಥವು ಇಳಿದವು. ಆ ಗುಂಪಿನಲ್ಲಿ ಹುಟ್ಟಿನಿಂದ ಸಸ್ಯಾಹಾರಿಯಾಗಿದ್ದ ಒಬ್ಬರೂ ಇದ್ದರು. ವಿಜ್ಞಾನಕ್ಕಾಗಿ ಐದು ದಿನ ಮಾಂಸ ತಿಂದರು, ಅವರ ಕರುಳೂ ಬದಲಾಯಿತು. ಪ್ರಯೋಗ ನಿಲ್ಲಿಸಿದ ಎರಡು ದಿನಗಳಲ್ಲಿ ಎಲ್ಲವೂ ಬಹುಮಟ್ಟಿಗೆ ಮೊದಲಿನಂತಾಯಿತು.

ಮುಂದಿನ ವರ್ಷ ಸ್ಟೀಫನ್ ಓಕೀಫ್ ಅವರ ತಂಡ ಇನ್ನೂ ಸ್ವಾರಸ್ಯದ ಕೆಲಸ ಮಾಡಿತು. ಅಮೆರಿಕದ 20 ಕರಿಯ ಜನರಿಗೂ ದಕ್ಷಿಣ ಆಫ್ರಿಕದ ಹಳ್ಳಿಯ 20 ಜನರಿಗೂ ಎರಡು ವಾರ ಊಟ ಅದಲುಬದಲು ಮಾಡಿದರು. ಅಮೆರಿಕದವರಿಗೆ ಜೋಳ, ಕಾಳು, ತರಕಾರಿ. ಅವರ ನಾರು ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು. ಹಳ್ಳಿಯವರಿಗೆ ಹ್ಯಾಂಬರ್ಗರ್, ಹುರಿದ ಮಾಂಸ. ಅವರ ನಾರು 66ರಿಂದ 12ಕ್ಕೆ ಇಳಿಯಿತು. ಎರಡೇ ವಾರದಲ್ಲಿ ಮೊದಲ ಗುಂಪಿನಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು, ಕರುಳಿನ ಉರಿಯೂತ ತಗ್ಗಿತು. ಎರಡನೆಯ ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧ.

ಈಗ ವಿಜ್ಞಾನ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಈ ಎರಡೂ ಪ್ರಯೋಗಗಳಿಂದ ‘ಮಾಂಸ ಕರುಳಿಗೆ ಕೆಟ್ಟದ್ದು’ ಎಂದು ಹೇಳಬಹುದೇ? ಹೇಳುವಂತಿಲ್ಲ. ಮಾಂಸ ಹೆಚ್ಚಾದಾಗಲೆಲ್ಲ ನಾರೂ ಇಳಿದಿದೆ, ಕೊಬ್ಬೂ ಏರಿದೆ. ಮೂರು ಚರಗಳು ಒಟ್ಟಿಗೆ ಬದಲಾದರೆ ಪರಿಣಾಮ ಯಾವುದರದು ಎಂದು ಹೇಗೆ ಹೇಳುತ್ತೀರಿ? ನಿಮ್ಮ ಮೊಬೈಲಿನ ವಿಡಿಯೊಗಳು ಜಾರುವುದು ಇಲ್ಲೇ.

ಮಾಂಸವನ್ನು ಹಾಗೆಯೇ ಇಟ್ಟು ಹುದುಗುವ ಪದಾರ್ಥವನ್ನು ಮಾತ್ರ ಸೇರಿಸಿ ನೋಡಬೇಕು. ಅಂಥದ್ದೊಂದು ಪ್ರಯೋಗ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾಯಿತು. 23 ಜನ ಆರೋಗ್ಯವಂತರು ನಾಲ್ಕು ವಾರ ದಿನಕ್ಕೆ 300 ಗ್ರಾಂ ಕೆಂಪು ಮಾಂಸ ತಿಂದರು. ಇನ್ನೊಂದು ಸರದಿಯ ನಾಲ್ಕು ವಾರ ಅಷ್ಟೇ ಮಾಂಸ, ಜೊತೆಗೆ 40 ಗ್ರಾಂ ಜೀರ್ಣವಾಗದ ಪಿಷ್ಟ. (ಆ ಪಿಷ್ಟಕ್ಕೆ ಬ್ಯುಟಿರೇಟನ್ನು ಕೂಡಿಸಿದ್ದರು, ಅಂಗಡಿಯಲ್ಲಿ ಸಿಗುವಂಥದ್ದಲ್ಲ.) ಬರೀ ಮಾಂಸದ ಸರದಿಯಲ್ಲಿ ಗುದನಾಳದ ಒಳಪದರದ ಡಿಎನ್‌ಎಯಲ್ಲಿ ಹಾನಿಯ ಗುರುತುಗಳು ಹೆಚ್ಚಾದವು. ಪಿಷ್ಟ ಸೇರಿಸಿದಾಗ ಆ ಏರಿಕೆಗೆ ತಡೆ ಬಿತ್ತು. ತಟ್ಟೆಯಲ್ಲಿ ಮಾಂಸ ಅಷ್ಟೇ ಇತ್ತು, ಬದಲಾದದ್ದು ಅದರ ಪಕ್ಕದಲ್ಲಿದ್ದದ್ದು.

ಹಾಗೆಂದು ಮಾಂಸವೇನೂ ಪೂರ್ತಿ ನಿರ್ದೋಷಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ಖಚಿತವಾಗಿ ಕ್ಯಾನ್ಸರ್ ತರುವ ಗುಂಪಿಗೂ, ಕೆಂಪು ಮಾಂಸವನ್ನು ಬಹುಶಃ ತರಬಹುದಾದ ಗುಂಪಿಗೂ ಸೇರಿಸಿತು. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಾಧ್ಯತೆ 18 ಶೇಕಡಾ ಹೆಚ್ಚು ಎಂದಿತು. ಕೋಳಿ, ಮೀನು ಈ ಪಟ್ಟಿಯಲ್ಲಿಲ್ಲ. ಊರಿನ ಬೇಕರಿಗಳ ಫ್ರೀಜರಿನಲ್ಲಿ ಈಗ ಕಾಣುವ ಚಿಕನ್ ಸಾಸೇಜನ್ನು ಮಾತ್ರ ಕೋಳಿಯ ಲೆಕ್ಕಕ್ಕೆ ಸೇರಿಸಬೇಡಿ, ಅದು ಸಂಸ್ಕರಿಸಿದ ಮಾಂಸವೇ.

ನಮ್ಮ ದೇಶದ್ದೇ ಒಂದು ಅಧ್ಯಯನವಿದೆ. ಭೋಪಾಲ್ ಮತ್ತು ಕೇರಳದ 110 ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಹೆಚ್ಚಾಗಿ ಸಸ್ಯಾಹಾರ ತಿನ್ನುವ ಭೋಪಾಲಿನವರಲ್ಲಿ ಪ್ರೆವೊಟೆಲ್ಲಾ ಎಂಬುದು ಮೇಲುಗೈ. ಅನ್ನ, ಮೀನು, ಮಾಂಸದ ಕೇರಳದವರಲ್ಲಿ ಬ್ಯಾಕ್ಟೀರಾಯ್ಡಿಸ್ ಮತ್ತು ಬ್ಯುಟಿರೇಟ್ ತಯಾರಿಸುವ ಫೀಕಲಿಬ್ಯಾಕ್ಟೀರಿಯಂ. ನೋಡಿ, ಮೀನು–ಮಾಂಸ ತಿನ್ನುವವರಲ್ಲೂ ಬ್ಯುಟಿರೇಟ್ ತಯಾರಕರು ಚೆನ್ನಾಗಿಯೇ ಇದ್ದಾರೆ. ಬ್ಯಾರಿ ಮನೆಗಳ ಊಟ ಇದಕ್ಕೆ ಹತ್ತಿರದ್ದು.

ದಾಲ್ಚಾದ ಲೆಕ್ಕ

ಮೇಲಿನದ್ದನ್ನೆಲ್ಲ ಓದಿದಾಗ ನನಗೆ ನೆನಪಾದದ್ದು ದಾಲ್ಚಾ. ಕಡಲೆಬೇಳೆ, ಸೋರೆಕಾಯಿ, ಹುಣಸೆಹುಳಿ, ಅದರೊಳಗೆ ನಾಲ್ಕು ಮೂಳೆ ತುಂಡು. ಮದುವೆ ಮನೆಯಲ್ಲಿ ಬಿರಿಯಾನಿಗೆ ಜೊತೆಯಾಗಿ ಬರುವ ಇದನ್ನು ಹೆಚ್ಚಿನವರು ಒಂದು ಸೌಟು ಹಾಕಿಸಿಕೊಂಡು ಬಿಡುತ್ತಾರೆ. ಕರುಳನ್ನು ಕೇಳಿದರೆ ಬಿರಿಯಾನಿ ಒಂದು ಸೌಟು, ದಾಲ್ಚಾ ಎರಡು ಸೌಟು ಎನ್ನಬಹುದು. ಗೋಧಿ, ಬೇಳೆ, ಮಾಂಸ ಒಟ್ಟಿಗೆ ಬೇಯಿಸುವ ಹಲೀಮ್ ಕೂಡ ಇದೇ ಜಾತಿಯದು. ಮಾಂಸವನ್ನು ಅರ್ಧಕ್ಕಿಳಿಸಿ ಉಳಿದರ್ಧಕ್ಕೆ ಕಾಳು ತುಂಬುವುದನ್ನು ಯಾರೂ ಹೊರಗಿನಿಂದ ಬಂದು ನಮಗೆ ಕಲಿಸಬೇಕಾಗಿಲ್ಲ. ಬಕ್ರೀದ್ ಮುಗಿದ ವಾರ, ಮೂರು ಹೊತ್ತೂ ಮಾಂಸವಾಗಿ ಹೊಟ್ಟೆ ಕಟ್ಟಿದಂತಾಗುವ ದಿನಗಳಲ್ಲಿ, ಇದನ್ನು ಮಾಡಿ ನೋಡಬಹುದು.

ಇನ್ನು ಪ್ರಮಾಣ. ಐಸಿಎಂಆರ್ 2020ರಲ್ಲಿ ಹೇಳಿದಂತೆ 16ರಿಂದ 18 ವರ್ಷದ ಹುಡುಗಿಯರಿಗೆ ದಿನಕ್ಕೆ ಸುಮಾರು 46 ಗ್ರಾಂ, ಹುಡುಗರಿಗೆ 55 ಗ್ರಾಂ ಪ್ರೋಟೀನ್ ಬೇಕು. ಹುಡುಗಿಯೊಬ್ಬಳ ದಿನದ ಊಟ ನೋಡೋಣ. ಅಕ್ಕಿ (ರೊಟ್ಟಿ, ಕಡುಬು, ಪತ್ತಿರ್ ಎಲ್ಲ ಸೇರಿ) 250 ಗ್ರಾಂ: ಸುಮಾರು 20 ಗ್ರಾಂ ಪ್ರೋಟೀನ್. ಒಂದು ಮೊಟ್ಟೆ: 6. ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರು: 7ರಷ್ಟು. ಒಟ್ಟು 33. ಉಳಿದ 13 ಗ್ರಾಂಗೆ 60 ಗ್ರಾಂ ಒಣ ಕಾಳು ಬೇಕು. ಅಂದರೆ ಎರಡು ಹಿಡಿ, ಬೆಂದ ಮೇಲೆ ಒಂದು ಬಟ್ಟಲು ತುಂಬ. ನಮ್ಮ ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ಬೇಳೆ ಹತ್ತು ಹದಿನೈದು ಗ್ರಾಂ ದಾಟುವುದು ಕಷ್ಟ. ಅದರಲ್ಲಿ ಪ್ರೋಟೀನ್ ಮೂರು ಗ್ರಾಂ.

100 ಗ್ರಾಂ ಮೂಳೆರಹಿತ ಕೋಳಿಯಲ್ಲಿ 20 ಗ್ರಾಂ ಚಿಲ್ಲರೆ ಪ್ರೋಟೀನ್ ಇದೆ. ಹುರುಳಿಯಲ್ಲೂ 100 ಗ್ರಾಂಗೆ 22 ಗ್ರಾಂ ಇದೆ ಎಂದು ಜಾಹೀರಾತು ಮಾಡುವವರು ಒಂದು ಮಾತು ಮುಚ್ಚಿಡುತ್ತಾರೆ: ಆ 100 ಗ್ರಾಂ ಒಣಕಾಳು, ಬೆಂದರೆ ಅದು ಮೂರು ಪಟ್ಟಿನ ಹತ್ತಿರ ಹಿಗ್ಗುತ್ತದೆ, ಒಬ್ಬರು ಒಂದೇ ಹೊತ್ತಿಗೆ ತಿನ್ನಲಾರರು. ಹಾಗಾಗಿ ಕೋಳಿಯ ಬದಲು ಕಾಳು ಎಂದರೆ ಒಂದು ಹೊತ್ತಿನ ಕೋಳಿಗೆ ಎರಡು ಮೂರು ಹೊತ್ತಿನ ಕಾಳು. ಬೆಳಿಗ್ಗೆ ಹೆಸರುಕಾಳಿನ ಉಸಲಿ, ಮಧ್ಯಾಹ್ನ ಅಲಸಂದೆ ಪಲ್ಯ, ರಾತ್ರಿ ಹುರುಳಿ ಗೊಜ್ಜು ಎಂದು ಹಂಚಿಕೊಂಡರೆ ಕಷ್ಟವಿಲ್ಲ. ಕಾಳಿನಲ್ಲಿ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಅಕ್ಕಿಯಲ್ಲಿ ಲೈಸಿನ್ ಕಡಿಮೆ. ಅನ್ನ–ಕಾಳು ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಾರಿನ ಲೆಕ್ಕದಲ್ಲಿ ಕಾಳಿನ ಜಾತಿಗೆ ತಕ್ಕಂತೆ 100 ಗ್ರಾಂಗೆ 8ರಿಂದ 25 ಗ್ರಾಂ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 25 ಗ್ರಾಂ.

ಮಾಂಸದಂತೆ ಕಾಣುವವು

ಎಳೆ ಹಲಸಿನ ಗುಜ್ಜೆಯನ್ನು ಮಸಾಲೆ ಹಾಕಿ ಬೇಯಿಸಿದರೆ ಮಾಂಸದ ಎಳೆಯಂತೆಯೇ ಇರುತ್ತದೆ. ಕಳಲೆ, ಮಳೆಗಾಲದ ಅಣಬೆ ಕೂಡ ಹಾಗೆಯೇ. ನಾರಿಗೆ ಇವು ಒಳ್ಳೆಯವು, ರುಚಿಯೂ ಸರಿ. ಪ್ರೋಟೀನ್ ಮಾತ್ರ 100 ಗ್ರಾಂಗೆ ಎರಡು ಮೂರು ಗ್ರಾಂ. ಕೋಳಿ ಬಿಟ್ಟು ಗುಜ್ಜೆ ತಿಂದೆ, ಪ್ರೋಟೀನ್ ಸಿಕ್ಕಿತು ಎಂದುಕೊಂಡರೆ ನಾಲಿಗೆಗೆ ಮೋಸ ಹೋದಂತೆ. ಅದೇ ಹಲಸಿನ ಬೀಜ ವಾಸಿ; ಪ್ರೋಟೀನ್ 6 ಗ್ರಾಂ ದಾಟುತ್ತದೆ, ಜೊತೆಗೆ ದೊಡ್ಡಕರುಳಿನವರೆಗೆ ಜೀರ್ಣವಾಗದೆ ಹೋಗುವ ಪಿಷ್ಟವೂ ಇದೆ. ಗೋಬಿ ಮಂಚೂರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮೈದಾ, ಕಾರ್ನ್‌ಫ್ಲೋರ್, ಎಣ್ಣೆ, ನಡುವೆ ಒಂದಿಷ್ಟು ಹೂಕೋಸು. 2024ರ ಮಾರ್ಚಿನಲ್ಲಿ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ.

ಸೋಯಾ ಚಂಕ್ಸ್, ಅಂದರೆ ಅಂಗಡಿಯಲ್ಲಿ ಮೀಲ್ ಮೇಕರ್ ಎಂದು ಕೇಳುವುದು, ಬೇರೆಯೇ ವಿಷಯ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಯಂತ್ರದಿಂದ ಹಿಂಡಿ ಮಾಡಿದ್ದು. ಒಣತೂಕದಲ್ಲಿ ಅರ್ಧಕ್ಕರ್ಧ ಪ್ರೋಟೀನ್. 40 ಗ್ರಾಂ ಇದ್ದರೆ 100 ಗ್ರಾಂ ಕೋಳಿಗೆ ಸಾಟಿ. ನಾರೂ ಸ್ವಲ್ಪ ಇದೆ. ಅಗ್ಗ ಕೂಡ. ವಾರಕ್ಕೆರಡು ಸಲ ಇದು ಬಂದರೆ ತಪ್ಪಿಲ್ಲ, ಆದರೆ ಸಿಪ್ಪೆಯ ಸಮೇತ ಇರುವ ಕಾಳಿನ ಜಾಗವನ್ನು ಇದು ತುಂಬಲಾರದು. ಪೇಟೆಯಲ್ಲಿ ಸಿಗುವ ದುಬಾರಿ ಕೃತಕ ಮಾಂಸದ ಮೇಲೆ ಸ್ಟ್ಯಾನ್‌ಫರ್ಡಿನಲ್ಲಿ 36 ಜನರೊಂದಿಗೆ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಎಲ್‌ಡಿಎಲ್ ಕೊಲೆಸ್ಟರಾಲ್ ಇಳಿಯಿತು; ಮಾಂಸದ ಕಾರ್ನಿಟಿನ್‌ನಿಂದ ಕರುಳಿನ ಬ್ಯಾಕ್ಟೀರಿಯಾಗಳ ನೆರವಿನಲ್ಲಿ ಹುಟ್ಟುವ, ಹೃದಯಕ್ಕೆ ತೊಂದರೆಯೆಂದು ಶಂಕಿಸಿರುವ ಟಿಎಂಎಒ ಎಂಬ ವಸ್ತುವೂ ಕಡಿಮೆಯಾಯಿತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಅದನ್ನು ತಯಾರಿಸುವ ಕಂಪನಿಯೇ. ಫಲಿತಾಂಶ ಸುಳ್ಳೆಂದು ಇದರಿಂದ ಆಗುವುದಿಲ್ಲ, ಆದರೆ ಓದುವಾಗ ಗೊತ್ತಿರಲಿ.

ಸಸ್ಯದಿಂದ ಪ್ರೋಟೀನ್ ಎನ್ನುವುದು ಈಚಿನ ಫ್ಯಾಷನ್ ಎಂದು ತಿಳಿದವರಿಗೆ ಮೈಸೂರಿನ ಸಿಎಫ್‌ಟಿಆರ್‌ಐ ನೆನಪಿಸಬೇಕು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಆ ಸಂಸ್ಥೆ ಅದೇ ದಶಕದಲ್ಲಿ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ‘ಬಹೂಪಯೋಗಿ ಆಹಾರ’ವೊಂದನ್ನು ತಯಾರಿಸಿತ್ತು. ಬಡ ಮಕ್ಕಳ ಪ್ರೋಟೀನ್ ಕೊರತೆ ನೀಗಿಸುವುದು ಉದ್ದೇಶ.

ಗ್ಯಾಸ್, ರಕ್ತಹೀನತೆ, ಕಾಫಿ

ಕಾಳು ತಿಂದರೆ ಹೊಟ್ಟೆಯುಬ್ಬರ ಎಂದು ಬಿಟ್ಟವರೇ ಹೆಚ್ಚು. ಕಾರಣ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು. ಇವನ್ನು ಒಡೆಯುವ ಆಲ್ಫಾ ಗ್ಯಾಲಕ್ಟೋಸಿಡೇಸ್ ಕಿಣ್ವ ನಮ್ಮ ಸಣ್ಣಕರುಳಿನಲ್ಲಿಲ್ಲ. ಬ್ಯಾಕ್ಟೀರಿಯಾ ಒಡೆಯುವಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಅದು ತೊಟ್ಟಿ ಕೆಲಸ ಮಾಡುತ್ತಿರುವ ಗುರುತು, ರೋಗವಲ್ಲ. ರಾತ್ರಿ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಈ ಸಕ್ಕರೆಗಳು ಕಡಿಮೆಯಾಗುತ್ತವೆ. ಮೊಳಕೆ ಬರಿಸಿದರೆ ಇನ್ನಷ್ಟು. ಮೊದಲ ವಾರ ಅರ್ಧ ಬಟ್ಟಲಿನಿಂದ ಶುರುಮಾಡಿ, ಎರಡು ಮೂರು ವಾರದಲ್ಲಿ ಏರಿಸಿದರೆ ಹೊಟ್ಟೆ ಒಗ್ಗಿಕೊಳ್ಳುತ್ತದೆ. ನಾರು ಹೆಚ್ಚಿಸಿದಾಗ ನೀರೂ ಹೆಚ್ಚಬೇಕು, ಇಲ್ಲದಿದ್ದರೆ ಮಲಬದ್ಧತೆ ಹೆಚ್ಚೀತು. ರಂಜಾನಿನಲ್ಲಿ ಇಫ್ತಾರಿಗೆ ಕಡಲೆ ತಿನ್ನುವವರು ಸಹರಿಯವರೆಗೆ ನೀರನ್ನು ಹಂಚಿ ಕುಡಿಯುವುದು ಇದಕ್ಕೇ. ರಾಜ್ಮಾ ಬೇಯಿಸುವವರಿಗೆ ಒಂದು ಎಚ್ಚರಿಕೆ: ಅರೆಬೆಂದ ಕೆಂಪು ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿಭೇದಿ ತರುತ್ತದೆ. ನೆನೆಸಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಬೇಕು. ದೀರ್ಘಕಾಲದ ಹೊಟ್ಟೆನೋವು, ಮಲದಲ್ಲಿ ರಕ್ತ, ಮೂತ್ರಪಿಂಡದ ತೊಂದರೆ ಇರುವವರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಬೇಕು.

ವಿದ್ಯಾರ್ಥಿನಿಯರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 59 ಶೇಕಡಾ ರಕ್ತಹೀನತೆ ಕಂಡುಬಂದಿದೆ. ಮಾಂಸದಲ್ಲಿರುವ ಹೀಮ್ ಕಬ್ಬಿಣ ಸುಲಭವಾಗಿ ರಕ್ತ ಸೇರುತ್ತದೆ. ಕಾಳು, ಸೊಪ್ಪಿನ ಕಬ್ಬಿಣ ಅಷ್ಟು ಸುಲಭದ್ದಲ್ಲ. ಜೊತೆಗೆ ನಿಂಬೆರಸ, ನೆಲ್ಲಿಕಾಯಿ, ಪೇರಳೆ ಇದ್ದರೆ ಹೆಚ್ಚು ಸೇರುತ್ತದೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ. ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ದಪ್ಪಗಾಗುತ್ತೇನೆಂದು ಮಾಂಸ, ಮೊಟ್ಟೆ ಎರಡನ್ನೂ ಬಿಟ್ಟು ಆ ಜಾಗಕ್ಕೆ ಏನನ್ನೂ ತರದ ಹುಡುಗಿಯರಿಗೆ ಈ ಲೇಖನದಲ್ಲಿ ಒಂದು ಸಾಲೂ ಸಮರ್ಥನೆಯಿಲ್ಲ.

ವಿಟಮಿನ್ ಬಿ12 ಯಾವ ಕಾಳಿನಲ್ಲೂ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಮಾತ್ರ. ಹಾಗಾದರೆ ನಮ್ಮ ದೊಡ್ಡಕರುಳಿನವೇ ತಯಾರಿಸಿಕೊಡಲಿ ಎಂದು ಕೇಳಬಹುದು. ತಯಾರಿಸುತ್ತವೆ, ಆದರೆ ಬಿ12 ಹೀರುವ ಜಾಗ ಸಣ್ಣಕರುಳಿನ ಕೊನೆಯಲ್ಲಿದೆ, ಕಾರ್ಖಾನೆ ಅದರಿಂದ ಕೆಳಗೆ. ಸರಕು ಹಿಂದಕ್ಕೆ ಬರುವುದಿಲ್ಲ. ದನಗಳಲ್ಲಿ ಹುದುಗಿನ ತೊಟ್ಟಿ ಕರುಳಿಗಿಂತ ಮೊದಲೇ ಇರುವುದರಿಂದ ಅವಕ್ಕೆ ಈ ಚಿಂತೆಯಿಲ್ಲ. ನಮಗೆ ಹಾಲು, ಮೊಸರು, ಮೊಟ್ಟೆ, ಮೀನು ಇವುಗಳಲ್ಲೊಂದಾದರೂ ದಿನದ ತಟ್ಟೆಯಲ್ಲಿ ಬೇಕು. ಮಜ್ಜಿಗೆ ಹುಳಿ, ತಂಬುಳಿ ಮಾಡುವ ಮನೆಗಳಿಗೆ ಇದರಲ್ಲಿ ಇನ್ನೊಂದು ಲಾಭ. ತಂಬುಳಿಯಲ್ಲಿ ಮಜ್ಜಿಗೆಯನ್ನು ಕುದಿಸುವುದಿಲ್ಲವಾದ್ದರಿಂದ ಅದರ ಜೀವಂತ ಬ್ಯಾಕ್ಟೀರಿಯಾ ಹಾಗೆಯೇ ಉಳಿಯುತ್ತವೆ. ಮಜ್ಜಿಗೆ ಹುಳಿಯಲ್ಲಿ, ಇಡ್ಲಿಯಲ್ಲಿ ಬೇಯುವಾಗ ಸಾಯುತ್ತವೆ.

ಪ್ರೋಟೀನಿಗೆ ಬೈಯುರೆಟ್ ಪರೀಕ್ಷೆ ನಮ್ಮ ಪ್ರಾಯೋಗಿಕ ಪಾಠದಲ್ಲಿದೆ. ಪ್ರತಿ ವರ್ಷ ಮೊಟ್ಟೆಯ ಬಿಳಿಯ ಮೇಲೆ ಮಾತ್ರ ಮಾಡುತ್ತೇವೆ. ಈ ಸಲ ಮನೆಯಿಂದ ಒಂದೊಂದು ಚಮಚ ತನ್ನಿ: ಹುರುಳಿ ಹಿಟ್ಟು, ಪುಡಿ ಮಾಡಿದ ಸೋಯಾ, ಹಲಸಿನ ಬೀಜದ ಹಿಟ್ಟು, ಅರೆದ ಗುಜ್ಜೆ, ನಿನ್ನೆಯ ಹುರುಳಿ ಕಟ್ಟು. ಸಮ ತೂಕ, ಸಮ ನೀರು, ಸೋಸಿದ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್, ಆಮೇಲೆ ಎರಡು ಹನಿ ತಾಮ್ರದ ಸಲ್ಫೇಟ್. ಯಾವ ಪ್ರನಾಳದಲ್ಲಿ ನೇರಳೆ ಬಣ್ಣ ಎಷ್ಟು ಗಾಢವಾಗುತ್ತದೆ ಎಂದು ಸಾಲಾಗಿ ಇಟ್ಟು ನೋಡೋಣ. ಕಲಾ, ವಾಣಿಜ್ಯ ವಿಭಾಗದವರೂ ಬರಬಹುದು. ಕನ್ನಡಕ ಮತ್ತು ಏಪ್ರನ್ ಪ್ರಯೋಗಶಾಲೆಯಲ್ಲೇ ಇವೆ.